ತುಸು ತಡವಾಗಿ ಬಂದ ಮದುವೆ

ಕಲಬುರಗಿಯಲ್ಲಿ ಬೇಸಿಗೆ ಕಾಲಿಟ್ಟಿತು ಅನ್ನುವುದು ನನಗೆ ಗೊತ್ತಾಗುವುದು ಕೂಲರಿನಿಂದ. ಅಟ್ಟದ ಮೇಲಿಂದ ಅದನ್ನು ಇಳಿಸಿ, ವರ್ಷದ ಧೂಳು ಒರೆಸಿ, ಮೂರೂ ಕಡೆಯ ಜಾಳಿಗೆಗೆ ಹೊಸ ಹುಲ್ಲು ತುಂಬಿ, ತಳಕ್ಕೆ ಕೊಡಗಟ್ಟಲೆ ನೀರು ಸುರಿದು ಬಟನ್ ಒತ್ತಿದಾಗ, ಮೊದಲ ಗಾಳಿಯ ಜೊತೆ ಒಂದು ವಾಸನೆ ಬರುತ್ತದೆ. ಒಣಹುಲ್ಲು ನೆನೆದ ವಾಸನೆ, ಅದರೊಳಗೆ ಸ್ವಲ್ಪ ತುಕ್ಕು, ಸ್ವಲ್ಪ ಹಳೇ ನೀರು. ಹೊರಗಿನವರಿಗೆ ಅದೇನು ಅಂಥ ಸುಗಂಧವಲ್ಲ. ಈ ಊರಿನ ಬಿಸಿಲು ಉಂಡವರಿಗೆ ಮಾತ್ರ ಅದರ ಬೆಲೆ ಗೊತ್ತು.

ಮೊನ್ನೆ ನಮ್ಮ ಮನೆಯವರು ಕೂಲರು ಹಚ್ಚಿ, ಅದರೆದುರು ಸ್ಟೂಲು ಹಾಕಿಕೊಂಡು ಕೂತು, “ಸುಜಾತಾ, ನಿನ್ನ ಮೊಬೈಲ್ ತಗೊಂಡು ಬಾ ಇಲ್ಲಿ. ಅದಕ್ಕೂ ಒಂದೀಟು ಗಾಳಿ ಕುಡಸು” ಅಂದರು. ಇಬ್ಬರೂ ನಕ್ಕೆವು. ಕೇಳಿದವರಿಗೆ ಅದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ. ಆದರೆ ಆ ಮಾತಿನ ಹಿಂದೆ ಒಂದು ಬೇಸಿಗೆ ಇದೆ, ಒಂದು ಮದುವೆ ಇದೆ, ಕಮಲಾಪುರದಲ್ಲಿ ಮಂಚ ಹಿಡಿದು ಮಲಗಿದ್ದ ಒಬ್ಬ ಹೆಣ್ಣುಮಗಳಿದ್ದಾಳೆ.

ನಮ್ಮದು ಊರೊಳಗಿನ ಬ್ರಹ್ಮಪುರದಲ್ಲಿ ಒಂದು ಸಣ್ಣ ಫೋಟೋ ಸ್ಟುಡಿಯೋ. ನಾನು ಮದುವೆಯಾಗಿ ಬಂದಾಗ ಅಲ್ಲಿದ್ದ ವಿಡಿಯೋ ಕ್ಯಾಮೆರಾ ಹೆಗಲಿಗೇರಿದರೆ ಮನುಷ್ಯ ಒಂದು ಕಡೆಗೆ ವಾಲಿಯೇ ನಿಲ್ಲಬೇಕು. ಅದರ ಜೊತೆಗೊಂದು ದೊಡ್ಡ ಲೈಟು. ಲೈಟು ಹಿಡಿಯಲು ಒಬ್ಬ, ಅದರ ವಾಯರು ಎಳೆಯಲು ಇನ್ನೊಬ್ಬ. ಆ ಬೆಳಕು ಮುಖಕ್ಕೆ ಬಿದ್ದರೆ ಮದುಮಗಳ ಪೌಡರು ಕರಗಿ ಕೊರಳಿಗಿಳಿಯುತ್ತಿತ್ತು. ಶೂಟಿಂಗ್ ಮುಗಿದ ಮೇಲೆ ಕ್ಯಾಸೆಟ್ಟುಗಳನ್ನು ಹೈದರಾಬಾದಿಗೆ ಮಿಕ್ಸಿಂಗಿಗೆ ಕಳಿಸಬೇಕು. ಅಲ್ಲಿನವರು ಮದುಮಕ್ಕಳನ್ನು ಗುಲಾಬಿ ಹೂವಿನೊಳಗೆ ಕೂಡಿಸಿ, ಸುತ್ತಲೂ ಪಾರಿವಾಳ ಹಾರಿಸಿ ತಮ್ಮ ಮನಸ್ಸಿಗೆ ತೃಪ್ತಿಯಾದಾಗ ವಾಪಸು ಕಳಿಸುತ್ತಿದ್ದರು. ಕೆಲವರ ಮನೆಗೆ ಮದುವೆಯ ಕ್ಯಾಸೆಟ್ಟು ತಲುಪುವ ಹೊತ್ತಿಗೆ ತೊಟ್ಟಿಲೂ ಕಟ್ಟಿರುತ್ತಿದ್ದರು.

ಆ ಕ್ಯಾಮೆರಾ ನಮ್ಮನ್ನು ಸಾಕಿತು, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮ ಮನೆಯವರ ಸೊಂಟವನ್ನೂ ತಿಂದು ಹಾಕಿತು. ಭಾರ ಎತ್ತಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದಾಗ ಸ್ಟುಡಿಯೋ ಮುಚ್ಚುವುದೊಂದೇ ದಾರಿ ಅಂತ ಅವರು ತೀರ್ಮಾನಿಸಿದ್ದರು. ಅಷ್ಟರಲ್ಲಿ ಪೇಟೆಗೆ ಸಣ್ಣ ಕ್ಯಾಮೆರಾಗಳು ಬಂದವು. ವರ್ಷ ಕಳೆದಂತೆ ಅಗ್ಗವೂ ಆದವು, ಜಾಣವೂ ಆದವು. ದೊಡ್ಡ ಲೈಟಿಲ್ಲದೆಯೂ ಮುಖ ಚೆನ್ನಾಗಿ ಕಾಣುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಲ್ಲಿ ಸೆರಗು ಸರಿಮಾಡಿಕೊಳ್ಳಬಹುದಿತ್ತು. ಹೀಗಾಗಿ ನಾನೇ ಹಿಡಿದೆ. ಹಿಡಿ ಅಂತ ಯಾರೂ ಹೇಳಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಆದರೆ ಬೀಗರಿಗೆ ಸಮಾಧಾನವಿರಲಿಲ್ಲ. ಮಂಟಪದ ಬಾಗಿಲಲ್ಲಿ ನನ್ನ ಕೈ ನೋಡಿ, “ಇಷ್ಟ ಏನ್ರಿ ಕ್ಯಾಮೆರಾ? ದೊಡ್ಡದು ತರ್ತೀರಿ ಅಂತ ತಿಳಿದಿದ್ವಿ” ಅನ್ನುತ್ತಿದ್ದರು. ನಮ್ಮ ಮನೆಯವರಿಗೂ ಒಳಗೊಳಗೇ ಅದೇ ಅಭಿಪ್ರಾಯ. “ಕ್ಯಾಮೆರಾ ಅಂದ ಮ್ಯಾಲ ತೂಕ ಇರಬೇಕು. ತೂಕ ಇದ್ರ ಮಂದಿ ಹಾದಿ ಬಿಡ್ತಾರ” ಅನ್ನುತ್ತಿದ್ದರು. ಅದು ನಿಜವೇ. ದೊಡ್ಡ ಕ್ಯಾಮೆರಾ ಬಂದರೆ ಶಾಸ್ತ್ರಿಗಳೂ ಸರಿದು ಕೂರುತ್ತಿದ್ದರು. ನನ್ನ ಕೈಯಲ್ಲಿದ್ದದ್ದಕ್ಕೆ ಮದುಮಗನ ತಮ್ಮನೂ ಜಾಗ ಬಿಡುತ್ತಿರಲಿಲ್ಲ. ನಾನು ಮೊಣಕೈ ಬಳಸುವುದನ್ನು ಕಲಿತೆ.

ಆಮೇಲೆ ರೋಗದ ಕಾಲ ಬಂತು. ಜನ ಸೇರುವಂತಿಲ್ಲ ಅಂದಾಗ ಮದುವೆಗಳನ್ನು ಮೊಬೈಲಿನಿಂದಲೇ ನೇರವಾಗಿ ತೋರಿಸುವ ರೂಢಿ ಹುಟ್ಟಿತು. ಆಗಿನ ಚಿತ್ರದಲ್ಲಿ ಮದುಮಗ ಯಾರು, ಪುರೋಹಿತ ಯಾರು ತಿಳಿಯುತ್ತಿರಲಿಲ್ಲ. ಆ ಕಾಲ ಮುಗಿಯಿತು, ರೂಢಿ ಉಳಿಯಿತು. ಮೊಬೈಲುಗಳ ಕಣ್ಣಂತೂ ಎಷ್ಟು ಚುರುಕಾಯಿತೆಂದರೆ, ಹಣೆಯ ಬೆವರ ಹನಿಯೂ ಪುಣೆಯಲ್ಲಿ ಕೂತವರಿಗೆ ಕಾಣುವಂತಾಯಿತು. ನಾನೂ ಒಂದು ಒಳ್ಳೆಯ ಮೊಬೈಲು ತಂದು, ನಮ್ಮ ಸ್ಟುಡಿಯೋದ ಬೋರ್ಡಿನ ಕೆಳಗೆ ‘ಲೈವ್ ಮಾಡಲಾಗುವುದು’ ಎಂದು ಬರೆಸಿದೆ. ನಮ್ಮ ಮನೆಯವರು ಅದನ್ನು ಓದಿ, “ಮನ್ಯಾಗ ಕುಂತು ಮದಿವಿ ನೋಡೂದು ಅಂದ್ರ ಏನದು? ಉಣಲಾರದ ಊಟ” ಅಂದು ಒಳಗೆ ಹೋದರು.

ಆ ಬೇಸಿಗೆಯಲ್ಲಿ ಬೋರ್ಡು ಓದಿ ಬಂದವರು ನಮ್ಮ ಓಣಿಯ ಶ್ರೀನಿವಾಸರಾಯರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಮಗಳು ವೈದೇಹಿಯ ಮದುವೆ ಗೊತ್ತಾಗಿತ್ತು. ರಾಯರು ಕುರ್ಚಿಯ ತುದಿಯಲ್ಲಿ ಕೂತು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಲೇ ಇದ್ದರು.

“ಸುಜಾತಾಬಾಯಿ, ಒಂದು ಪೇಚಿನ್ಯಾಗ ಸಿಕ್ಕೀನಿ ನೋಡ್ರಿ. ನಮ್ಮ ಗೋದಕ್ಕ ಕಮಲಾಪುರದಾಗ ಬಿದ್ದು ಸೊಂಟದ ಎಲುಬು ಮುರಕೊಂಡಾಳ. ಆಪರೇಶನ್ ಆಗೇದ. ಗಾಡ್ಯಾಗ ಕೂಡೂಹಂಗಿಲ್ಲ. ಆತ್ಯಾ ಇಲ್ಲದ ನಾ ಹಾರ ಹಾಕೂದಿಲ್ಲ ಅಂತ ಹುಡುಗಿ ಹಟ ಹಿಡದು ಕುಂತಾಳ.”

ಹುಡುಗಿಯ ಹಟಕ್ಕೆ ಕಾರಣವಿತ್ತು. ವೈದೇಹಿ ಮೂರು ವರ್ಷದವಳಿದ್ದಾಗ ತಾಯಿ ತೀರಿಕೊಂಡರು. ರಾಯರಿಗೆ ಊರಿಂದೂರಿಗೆ ವರ್ಗ. ಅವರ ಅಕ್ಕ ಗೋದಾವರಿಬಾಯಿ, ಅಂದರೆ ವೈದೇಹಿಯ ಸೋದರತ್ತೆ, ಅವಳ ಬಾಯಲ್ಲಿ ಆತ್ಯಾ, ಮದುವೆ ಮಾಡಿಕೊಳ್ಳದೆ ಕಮಲಾಪುರದಲ್ಲಿ ಶಾಲೆ ಟೀಚರಾಗಿದ್ದವರು. ಮಗುವನ್ನು ಅವರೇ ಕರೆದುಕೊಂಡು ಹೋಗಿ ಬೆಳೆಸಿದರು. ತಲೆ ಬಾಚಿದ್ದು, ಮಗ್ಗಿ ಕಲಿಸಿದ್ದು, ಜ್ವರ ಬಂದಾಗ ಎದೆಗವಚಿಕೊಂಡು ಕೂತದ್ದು ಎಲ್ಲವೂ ಅವರೇ. ಅಂಥವರು ಮಂಚದ ಮೇಲಿದ್ದಾಗ ಹಾರ ಹಾಕಿಸಿಕೊಳ್ಳಲು ಯಾವ ಹುಡುಗಿಗೆ ಮನಸ್ಸು ಬರುತ್ತದೆ? ಮುಂದೂಡೋಣವೆಂದರೆ ವರನ ಕಡೆಯವರು ಒಲ್ಲೆ ಅಂದಿದ್ದರು.

ಇನ್ನೂ ಒಂದು ಸಂಗತಿ ಇತ್ತು. ನಮ್ಮದು ಬೌದ್ಧರ ಮನೆ. ನಮ್ಮಲ್ಲಿ ಬಿಳಿ ಬಟ್ಟೆ ಉಟ್ಟು ವಂದನೆ ಹೇಳಿದರೆ ಮದುವೆ ಮುಗಿಯಿತು. ಆದರೆ ಊರ ತುಂಬ ಕ್ಯಾಮೆರಾ ಹಿಡಿದು ತಿರುಗಿದ್ದರಿಂದ ಎಲ್ಲರ ಶಾಸ್ತ್ರವೂ ನನಗೆ ಬಾಯಿಪಾಠ. ರಾಯರ ಪೈಕಿಯ ಮದುವೆಗಳಲ್ಲಿ ಮುಹೂರ್ತಕ್ಕೆ ಮೊದಲು ಮದುಮಕ್ಕಳ ನಡುವೆ ಅಂತರಪಟವೆಂಬ ಬಟ್ಟೆ ಹಿಡಿಯುತ್ತಾರೆ. ಆಚೆ ಒಬ್ಬರು, ಈಚೆ ಒಬ್ಬರು ಹಾರ ಹಿಡಿದು ನಿಂತಿರುತ್ತಾರೆ. ಆಗ ಮನೆಯವರು ಒಬ್ಬರಾದ ಮೇಲೊಬ್ಬರು ಮಂಗಲಾಷ್ಟಕದ ಪದ್ಯ ಹಾಡುತ್ತಾರೆ. ಒಂದೊಂದು ಪದ್ಯ ಮುಗಿದಾಗಲೂ ಎಲ್ಲರೂ ‘ಸಾವಧಾನ’ ಎಂದು ದನಿಗೂಡಿಸಿ ಅಕ್ಷತೆ ಹಾಕುತ್ತಾರೆ. ಕೊನೆಯ ಪದ್ಯ ಪುರೋಹಿತರದು. ಅದು ಮುಗಿದದ್ದೇ ಬಟ್ಟೆ ಸರಿಯುತ್ತದೆ, ಬ್ಯಾಂಡು ಮೊಳಗುತ್ತದೆ. ಈ ಮನೆತನದಲ್ಲಿ ಹೆಣ್ಣುಮಕ್ಕಳ ಮದುವೆಗೆ ಹೊಸ ಪದ್ಯ ಕಟ್ಟಿ ಹಾಡುವವರು ಗೋದಾವರಿ ಆತ್ಯಾ. ಪುರೋಹಿತರ ಪದ್ಯಕ್ಕಿಂತ ಮೊದಲಿನದು ಯಾವಾಗಲೂ ಅವರದೇ. ಊರೆಲ್ಲರ ಮಕ್ಕಳಿಗೆ ಹಾಡಿದ ಆತ್ಯಾ ತಾನು ಸಾಕಿದ ಹುಡುಗಿಗೆ ಹಾಡದಿದ್ದರೆ ಹೇಗೆ ಅನ್ನುವುದು ವೈದೇಹಿಯ ಸಂಕಟ.

“ಅವರು ನೋಡಬೇಕು, ಅವರ ಹಾಡು ಇಲ್ಲಿ ಕೇಳಬೇಕು. ಅಷ್ಟ ಅಲ್ರೀ?” ಅಂದೆ ನಾನು. ಭಾರಿ ಧೈರ್ಯದಿಂದಲೇ ಅಂದೆ. “ಫಿಕರ್ ಮಾಡಬ್ಯಾಡ್ರಿ. ನಾ ಹೋಗಿ ಬರ್ತೀನಿ.”

ಕಮಲಾಪುರಕ್ಕೆ ಬಸ್ಸಿನಲ್ಲಿ ಹೋದೆ. ರಸ್ತೆಯ ಬದಿಯ ಗಾಡಿಗಳಲ್ಲಿ ಆ ಊರಿನ ಕೆಂಪು ಬಾಳೆಹಣ್ಣು ತೂಗುಹಾಕಿದ್ದರು. ಆತ್ಯಾ ಅವರ ಮನೆಯ ಹಿತ್ತಿಲಲ್ಲೂ ನಾಲ್ಕಾರು ಬಾಳೆ ಇದ್ದವು. ಪಕ್ಕದ ಮನೆಯ ಹಮೀದಾಬಿ ಬಾಗಿಲು ತೆಗೆದರು. ಆತ್ಯಾ ಬಿದ್ದಾಗಿನಿಂದ ಹಗಲೆಲ್ಲ ಜೊತೆಗಿರುವವರು ಅವರೇ. ಆತ್ಯಾ ಮಂಚದ ಮೇಲೆ ದಿಂಬಿಗೊರಗಿ, ಕನ್ನಡಕ ಮೂಗಿನ ತುದಿಗಿಳಿಸಿ ನನ್ನನ್ನು ನೋಡಿದರು.

“ಯಾವ ಮನಿತನದಾಕಿ ನೀ?”

ಹೇಳಿದೆ. ಹೇಳುವಾಗ ಎಲ್ಲಿ ನಿಲ್ಲಬೇಕೆಂಬ ಯೋಚನೆ ಕಾಲಿಗೆ ತಾನಾಗಿಯೇ ಬರುತ್ತದೆ. ನಾನು ಹೊಸ್ತಿಲ ಹತ್ತಿರವೇ ನಿಂತಿದ್ದೆ.

“ನಿಮ್ಮ ಪೈಕಿ ಹುಡುಗೂರು ನನ್ನ ಕ್ಲಾಸಿನ್ಯಾಗ ಭಾಳ ಇದ್ರು. ಲೆಕ್ಕ ಛಲೋ ಮಾಡ್ತಿದ್ರು. ಅಕ್ಷರ ಮಾತ್ರ ಕಾಗಿ ಕಾಲು” ಅಂದರು ಆತ್ಯಾ. “ಅಲ್ಲ್ಯಾಕ ನಿಂತಿ? ಬಾ, ಇಲ್ಲೇ ಮಂಚದ ಮ್ಯಾಲ ಕೂಡು. ಹಮೀದಾ, ಅಕಿಗಿ ನೀರು ಕೊಡು, ಬಿಸಲಾಗ ಬಂದಾಳ.”

ಇಂಥ ಮನೆಗಳಲ್ಲಿ ನನ್ನನ್ನು ನಡುಮನೆಯವರೆಗೆ ಕರೆದುಕೊಂಡು ಹೋಗುವುದು ಕ್ಯಾಮೆರಾ. ಅವತ್ತು ಅದು ಇನ್ನೂ ಚೀಲದೊಳಗೇ ಇತ್ತು. ಆ ನೀರು ಕುಡಿದು ನನಗೆ ಆದ ಸಂತೋಷವನ್ನು ನಾನು ಯಾರಿಗೂ ಹೇಳಿಲ್ಲ, ಇಲ್ಲೇ ಮೊದಲು.

ರಾಯರು ಕೊಡಿಸಿದ್ದ ಹೊಸ ಟಿವಿಗೆ ಇಂಟರ್ನೆಟ್ ಜೋಡಿಸಿ, ಕಲಬುರಗಿಯಲ್ಲಿದ್ದ ನಮ್ಮ ಮನೆಯವರಿಗೆ ಫೋನು ಮಾಡಿದೆ. ಅವರು ಸ್ಟುಡಿಯೋದಿಂದ ಲೈವ್ ಹಚ್ಚಿ ಕೈ ಬೀಸಿದರು. ಟಿವಿಯಲ್ಲಿ ಕೈ ಬೀಸುವುದು ಸ್ವಲ್ಪ ಹೊತ್ತಾದ ಮೇಲೆ ಕಂಡಿತು. “ನಿನ್ನ ಗಂಡ ಭಾಳ ನಿಧಾನ ಅದಾನ” ಅಂದರು ಆತ್ಯಾ. ಎಲ್ಲರೂ ನಕ್ಕೆವು. ಹಾಡಿನ ಪರೀಕ್ಷೆಯನ್ನು ಆಮೇಲೆ ಬೇರೆಯಾಗಿ ಮಾಡಿದೆವು. ಹಮೀದಾಬಿ ತಮ್ಮ ಫೋನನ್ನು ಆತ್ಯಾ ಬಾಯಿಯ ಹತ್ತಿರ ಹಿಡಿದರು. ಆತ್ಯಾ ಒಂದು ಸಾಲು ಹಾಡಿದರು. ಅದು ನಮ್ಮ ಮನೆಯವರ ಫೋನಿನಲ್ಲಿ ಗಂಟೆ ಬಾರಿಸಿದಂತೆ ಕೇಳಿತಂತೆ. ಆ ಫೋನನ್ನು ಮಂಟಪದ ಮೈಕಿಗೆ ಜೋಡಿಸಿಬಿಟ್ಟರೆ ಆಯಿತು. ನೋಡಲಿಕ್ಕೆ ಟಿವಿ, ಹಾಡಲಿಕ್ಕೆ ಫೋನು ಅಂತ ಗೊತ್ತುಮಾಡಿಕೊಂಡೆವು. ಎರಡನ್ನೂ ಒಟ್ಟಿಗೆ ಹಚ್ಚಿ ನೋಡಬೇಕೆಂದು ನಾಲ್ವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೊರಡುವಾಗ ಆತ್ಯಾ ಕೈ ಹಿಡಿದರು. ಟೀಚರ ದನಿ ಇಳಿದಿತ್ತು. “ನೋಡವಾ, ಅಕಿ ಸಣ್ಣಾಕಿದ್ದಾಗ ನಾ ಬೈದ್ರ ಸಾಕು, ಹಿತ್ತಲ ಬಾಳಿಗಿಡದ ಹಿಂದ ಅಡಗಿ ಕೂಡ್ತಿದ್ಲು. ನಾ ಹೋಗಿ ಹುಡುಕಿ ಕರಕೊಂಡು ಬರೂ ತನಕ ಬರ್ತಿರಲಿಲ್ಲ. ಈಗೂ ಅದೇ ಹಟ. ನನ್ನ ದನಿ ಅಲ್ಲಿ ಮುಟ್ಟಸ್ತೀಯಿಲ್ಲೋ?”

ಮುಟ್ಟಿಸುತ್ತೇನೆ ಅಂದೆ. ಬಸ್ಸಿನಲ್ಲಿ ಬರುವಾಗ ನನಗೆ ಭಯ ಶುರುವಾಯಿತು.

ಮದುವೆ ಇದ್ದದ್ದು ಐವಾನ್-ಎ-ಶಾಹಿ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ. ಮೇಲೆ ತಗಡು, ಹೊರಗೆ ಬೆಂಕಿಯಂಥ ಬಿಸಿಲು, ಮುಹೂರ್ತ ನಡು ಮಧ್ಯಾಹ್ನಕ್ಕೆ. ಮೊಬೈಲಿಗೆ ಒಂದು ಕೆಟ್ಟ ಗುಣವಿದೆ. ಕಾದರೆ ಅದು ಮುನಿಸಿಕೊಂಡು ತಾನೇ ಬಂದಾಗುತ್ತದೆ. ಹಳೇ ಕ್ಯಾಮೆರಾ ನಮ್ಮನ್ನು ಬೇಯಿಸುತ್ತಿತ್ತು, ಹೊಸದು ತಾನೇ ಬೇಯುತ್ತದೆ. ಅದಕ್ಕೆಂದೇ ತಾಜಸುಲ್ತಾನಪುರದ ನನ್ನ ತವರಿನಿಂದ ದೊಡ್ಡ ಕೂಲರನ್ನು ಟಂಟಂ ಆಟೋದಲ್ಲಿ ಹಾಕಿಸಿ ತರಿಸಿದ್ದೆ. ವೇದಿಕೆಯ ಪಕ್ಕ ಸ್ಟ್ಯಾಂಡಿಗೆ ಮೊಬೈಲು ನಿಲ್ಲಿಸಿ, ಕೂಲರಿನ ಗಾಳಿ ಅದಕ್ಕೆ ಬೀಳುವಂತೆ ಮಾಡಿ, ಕಾವಲಿಗೆ ನಮ್ಮ ಮನೆಯವರನ್ನು ಕೂಡಿಸಿದೆ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಅವರು ಮೈಕ್‌ಸೆಟ್ಟಿನ ಪಕ್ಕ ಕೂತರು. ಆತ್ಯಾ ಹಾಡು ಬರಬೇಕಾದ ಫೋನೂ ಅವರ ಕೈಯಲ್ಲೇ, ವಾಯರಿನಿಂದ ಮೈಕಿಗೆ ಜೋಡಿಸಿತ್ತು.

ವರನ ಕಡೆಯ ಹಿರಿಯರೊಬ್ಬರು ಬಂದು ಕೂಲರನ್ನು ತಮ್ಮ ಕಡೆ ತಿರುಗಿಸಿಕೊಂಡರು. ನಮ್ಮ ಮನೆಯವರು ಎದ್ದು ವಾಪಸು ತಿರುಗಿಸಿದರು. ಅವರು ಮತ್ತೆ ತಿರುಗಿಸಿದರು.

“ಏನ್ರಿ ಇದು, ಬೀಗರು ಬೆವರಾಕತ್ತಾರ, ಮೊಬೈಲಿಗೆ ಗಾಳಿ ಹಾಕಾಕತ್ತೀರಿ?”

“ನೀವು ಬೆವತ್ರ ಒರಸ್ಕೋತೀರಿ. ಇದು ಬೆವತ್ರ ಕಮಲಾಪುರದಾಗ ಕತ್ತಲ ಆಗ್ತದ್ರಿ” ಅಂದರು ನಮ್ಮ ಮನೆಯವರು.

ಉಣಲಾರದ ಊಟ ಅಂದವರು ಇವರೇ ಏನು ಅಂತ ನನಗೆ ನಗು ಬಂತು. ನಗಲು ಪುರುಸೊತ್ತಿರಲಿಲ್ಲ. ಅಂತರಪಟ ಹಿಡಿದಾಗಿತ್ತು.

ಪದ್ಯಗಳು ಶುರುವಾದವು. ವರನ ಅತ್ತಿಗೆ ಹಾಡಿದರು, ಶ್ರೀನಿವಾಸರಾಯರು ಅರ್ಧಕ್ಕೆ ನಿಂತು ಕಣ್ಣೊರೆಸಿಕೊಂಡು ಮತ್ತೆ ಹಾಡಿದರು. ಸಾವಧಾನ, ಸಾವಧಾನ ಎಂದು ಅಕ್ಷತೆ ಬಿದ್ದವು. ಆಮೇಲೆ ವೈದೇಹಿಯ ಸೋದರಮಾವ ಮಾಧವ ಮಾಮಾ. ಅವರು ರಾಗ ಎಳೆದು ಎಳೆದು ಹಾಡಿ ಮುಗಿಸಿದರು. ಈಗ ಆತ್ಯಾ. ಎಲ್ಲರೂ ಮೈಕಿನ ಡಬ್ಬಿಯ ಕಡೆ ನೋಡಿದರು.

ಡಬ್ಬಿ ಸುಮ್ಮನಿತ್ತು.

ನಮ್ಮ ಮನೆಯವರು ಫೋನು ನೋಡಿದರು. ಕಾಲ್ ನಡೆದೇ ಇತ್ತು. ಫ್ಯಾನಿನ ಸದ್ದು, ಬಳೆಗಳ ಸದ್ದು ಬಿಟ್ಟರೆ ಮಂಟಪದಲ್ಲಿ ಬೇರೇನಿಲ್ಲ. ವರನ ಕಡೆಯಿಂದ ಗುಸುಗುಸು ಎದ್ದಿತು. ಪುರೋಹಿತರು ಗಡಿಯಾರ ನೋಡಿ, “ರಾಯರೇ, ಘಳಿಗಿ ಮೀರ್ತದ. ನಾ ಮುಗಸ್ತೀನಿ” ಅಂದು ಗಂಟಲು ಸರಿಮಾಡಿಕೊಂಡರು. ಬ್ಯಾಂಡಿನವರು ಕೋಲೆತ್ತಿದರು. ವೈದೇಹಿ ಬಟ್ಟೆಯ ಈಚೆಯಿಂದ ತಲೆ ಅಲ್ಲಾಡಿಸಿದಳು. ಒಂದೇ ಸಲ, ಬೇಡ ಅಂತ. ಮುಟ್ಟಿಸುತ್ತೇನೆ ಅಂತ ಹೇಳಿ ಬಂದವಳು ನಾನು.

ಆಗ ನನಗೆ ಒಂದು ದನಿ ಕೇಳಿತು. ಸಣ್ಣಗೆ, ತಗಡಿನೊಳಗಿಂದ ಬಂದಂತೆ, ಮಾಧವ ಮಾಮಾ ಹಾಡುತ್ತಿದ್ದರು. ತಿರುಗಿ ನೋಡಿದರೆ ಮಾಮಾ ಬಾಯಿ ಮುಚ್ಚಿಕೊಂಡು ಅಲ್ಲೇ ನಿಂತಿದ್ದಾರೆ. ದನಿ ಬರುತ್ತಿದ್ದದ್ದು ಮೊದಲ ಸಾಲಿನ ಕುರ್ಚಿಯಿಂದ. ವರನ ಕಾಕಾ ಒಬ್ಬರು, ಎದುರಿಗೇ ಮದುವೆ ನಡೆಯುತ್ತಿದ್ದರೂ ತಲೆ ತಗ್ಗಿಸಿ ತಮ್ಮ ಮೊಬೈಲಿನಲ್ಲಿ ನನ್ನ ಲೈವ್ ನೋಡುತ್ತ ಕೂತಿದ್ದರು. ಅವರ ಮೊಬೈಲಿನಲ್ಲಿ ಮಾಮಾ ಪದ್ಯದ ಎರಡನೇ ಸಾಲಿನಲ್ಲಿದ್ದರು.

ಅರ್ಥವಾಯಿತು. ಇಲ್ಲಿ ಆದದ್ದು ಅಲ್ಲಿ ಕಾಣಲು ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಕಮಲಾಪುರದ ಟಿವಿಯಲ್ಲಿ ಮಾಮಾ ಇನ್ನೂ ಹಾಡುತ್ತಿದ್ದಾರೆ.

“ರೀ, ಆತ್ಯಾಗ ಹಾಡ್ರಿ ಅನ್ರಿ! ಟಿವಿ ನೋಡಬ್ಯಾಡ್ರಿ ಅನ್ರಿ!” ಎಂದು ಕೂಗಿದೆ. ನಮ್ಮ ಮನೆಯವರು ಫೋನು ಬಾಯಿಗಿಟ್ಟುಕೊಂಡು, “ಆತ್ಯಾ, ಜಲ್ದಿ ಹಾಡ್ರಿ, ಎಲ್ಲಾರೂ ನಿಮ್ಮ ಹಾದಿ ನೋಡಾಕತ್ತಾರ” ಅಂದರು.

ಮೈಕಿನ ಡಬ್ಬಿಯಿಂದ ಇಡೀ ಮಂಟಪಕ್ಕೆ ಕೇಳುವಂತೆ ಆತ್ಯಾ ಉತ್ತರ ಬಂತು.

“ಹ್ಯಾಂಗ ಹಾಡಲಿ? ನಮ್ಮ ಮಾಧವ ಇನ್ನೂ ಎಳ್ಯಾಕತ್ತಾನ. ಒಬ್ರು ಹೇಳಾಕತ್ತಾಗ ನಡುವ ಬಾಯಿ ಹಾಕಬಾರದು. ಮುಗಸ್ಲಿ ತಡಿ!”

ಮಂಟಪ ನಕ್ಕಿತು. ಬೀಗರು ನಕ್ಕರು, ಬ್ಯಾಂಡಿನವರು ನಕ್ಕರು, ಅಂತರಪಟ ಹಿಡಿದವರ ಕೈ ಸಡಿಲಾಗಿ ಬಟ್ಟೆ ಜಾರಿ ಮತ್ತೆ ಏರಿತು. ಬಾಯಿ ಮುಚ್ಚಿಕೊಂಡೇ ಬೈಸಿಕೊಂಡ ಮಾಧವ ಮಾಮಾ ಎರಡೂ ಕೈ ಜೋಡಿಸಿ, “ನಂದು ಮುಗದದ ಅಕ್ಕಾ, ಖರೇನ ಮುಗದದ!” ಎಂದು ಕೂಗಿದರು. ಪುರೋಹಿತರೂ ನಕ್ಕು, “ಆತು, ಒಂದು ಪದ್ಯಕ್ಕ ಹೊತ್ತದ. ಹಾಡ್ರಿ ಗೋದಾಬಾಯಿ” ಅಂದರು.

“ಹಮೀದಾಬಿ, ಟಿವಿ ದನಿ ಬಂದ್ ಮಾಡ್ರಿ” ಅಂದರು ನಮ್ಮ ಮನೆಯವರು. ಇಲ್ಲದಿದ್ದರೆ ಟಿವಿಯೊಳಗಿನ ಮಾಮಾನ ದನಿ ನಡುವೆ ಬಂದು ಆತ್ಯಾ ಹಾಡು ತಪ್ಪುತ್ತಿತ್ತು. “ಬಂದ್ ಕರೀ, ಬಂದ್ ಕರೀ. ಗಾವ್ ಬಾಯಿ” ಅಂದರು ಹಮೀದಾಬಿ ಅತ್ತಲಿಂದ, ಬಂದ್ ಮಾಡಿದೆ, ಇನ್ನು ಹಾಡಿ ಅಂತ.

ಆತ್ಯಾ ಹಾಡಿದರು. ವಯಸ್ಸಾದ ದನಿ, ಆದರೆ ಎಲ್ಲೂ ತಡವರಿಸಲಿಲ್ಲ. ಬಾಳೆಗಿಡದ ಹಿಂದೆ ಅಡಗಿ ಕೂತ ಹುಡುಗಿಯನ್ನು ಹುಡುಕಿ ಹುಡುಕಿ ಸುಸ್ತಾದವಳು ನಾನು, ಇವತ್ತು ಬಟ್ಟೆಯ ಹಿಂದೆ ಅಡಗಿ ನಿಂತಿದ್ದಾಳೆ, ಹುಡುಕುವ ಕೆಲಸ ಇನ್ನು ನಿನ್ನದು ಮದುಮಗನೇ, ಸಿಕ್ಕಾಗ ಬೈಯಬೇಡ, ಬೈದರೆ ಮತ್ತೆ ಅಡಗುತ್ತಾಳೆ. ಪದ್ಯದ ಅರ್ಥ ಅಷ್ಟೇ. ಮದುಮಗ ಬಟ್ಟೆಯ ಆಚೆಯಿಂದಲೇ ತಲೆಯಾಡಿಸಿದ.

ಅವರು ಮೊದಲ ಸಾಲು ಎತ್ತಿದಾಗಲೇ ನಾನು ಮೊಬೈಲನ್ನು ಸ್ಟ್ಯಾಂಡಿನಿಂದ ಕಿತ್ತೆ. ಕೂಲರಿನ ಗಾಳಿ ಬಿಟ್ಟು ವೇದಿಕೆ ಹತ್ತಿ, ಮೊಣಕೈಯಿಂದ ಇಬ್ಬರನ್ನು ಸರಿಸಿ, ವೈದೇಹಿಯ ಎದುರಿಗೆ ಮಂಡಿಯೂರಿದೆ. ಹೆಗಲ ಮೇಲಿನ ಹಳೇ ಕ್ಯಾಮೆರಾ ಆ ಸಂದಿಯಲ್ಲಿ ಹೋಗುತ್ತಿರಲಿಲ್ಲ. ಹುಡುಗಿ ಕಣ್ಣು ಮುಚ್ಚಿದ್ದಳು. ನಗುತ್ತಿದ್ದಳು, ಕಣ್ಣಿಂದ ನೀರೂ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಬಾಳೆಗಿಡದ ಮಾತು ಬಂದಾಗ ಅವಳ ತುಟಿ ಚಿಕ್ಕ ಮಗುವಿನ ತುಟಿಯಂತೆ ಮುಂದೆ ಬಂತು. ನನ್ನ ಕಣ್ಣೂ ಮಂಜಾಯಿತು. ಮೊಬೈಲಿನ ಕಣ್ಣು ಮಂಜಾಗಲಿಲ್ಲ, ಪುಣ್ಯ.

ಸಾವಧಾನ ಎಂದು ಇಡೀ ಮಂಟಪ ಕೂಗಿತು. ಪುರೋಹಿತರು ಕೊನೆಯ ಪದ್ಯ ಹೇಳಿದರು, ಬಟ್ಟೆ ಸರಿಯಿತು, ಹಾರ ಬಿತ್ತು, ಬ್ಯಾಂಡು ಮೊಳಗಿತು. ನಾನು ಕೆಳಗಿಳಿದು ಬಂದು ಕೂಲರಿನೆದುರು ಕುಸಿದು ಕೂತೆ. ನೆನೆದ ಹುಲ್ಲಿನ ವಾಸನೆಯ ತಂಪು ಗಾಳಿ ಮುಖಕ್ಕೆ ಬಡಿಯಿತು. ಅಬ್ಬಾ, ಆ ಗಾಳಿ! ಜೀವ ವಾಪಸು ಬಂದಂತಾಯಿತು. ನಮ್ಮ ಮನೆಯವರು ಒದ್ದೆ ಬಟ್ಟೆಯಿಂದ ಮೊಬೈಲಿನ ಬೆನ್ನು ಒರೆಸುತ್ತ, ಕೂಸಿಗೆ ಜ್ವರ ಬಂದಾಗ ಒರೆಸಿದಂತೆ ಒರೆಸುತ್ತ, “ಹೋಗ್ಲಿ ಬಿಡು, ಮುಟ್ತು” ಅಂದರು. ಊಟದ ಹೊತ್ತಿಗೆ ಅದು ಕಾದು ಬಂದಾಯಿತು. ಹೋಳಿಗೆ ಬಡಿಸುವುದು ಕಾಣಲಿಲ್ಲವೆಂದು ಪುಣೆಯ ಬಂಧುಗಳು ತಕರಾರು ಮಾಡಿದರಂತೆ. ಮಾಡಲಿ.

ಮರುದಿನ ಮದುಮಕ್ಕಳು ಆತ್ಯಾ ಕಾಲಿಗೆ ಬೀಳಲು ಕಮಲಾಪುರಕ್ಕೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಟಿವಿಯ ಕೆಳಗೆ, ಮೇಜಿನ ಮೇಲೆ, ನೆಲದ ಮೇಲೆಲ್ಲ ಅರಿಶಿನದ ಅಕ್ಷತೆ ಚೆಲ್ಲಿತ್ತು. ಹಮೀದಾಬಿ ಗುಡಿಸಿರಲಿಲ್ಲ. ವೈದೇಹಿ ಆತ್ಯಾ ಮಡಿಲಲ್ಲಿ ತಲೆಯಿಟ್ಟು ಬಹಳ ಹೊತ್ತು ಏಳಲಿಲ್ಲ. ನಾನು ಒಂದು ಮೂಲೆಯಲ್ಲಿ ನಿಂತು, ಗೊಂದಲವಾಯಿತೆಂದು ಏನೋ ಸಮಜಾಯಿಷಿ ಹೇಳಲು ಹೋದೆ. ಆತ್ಯಾ ಕೈ ಎತ್ತಿ ನಿಲ್ಲಿಸಿದರು.

“ಏನ್ ಗೊಂದಲ? ಕೇಳಿಲ್ಲಿ. ನಾ ಎಷ್ಟ್ ಮದಿವ್ಯಾಗ ಹಾಡೀನಿ, ಲೆಕ್ಕಿಲ್ಲ. ಹಾಡಾವರು ಹುಡುಗಿ ಬೆನ್ನ ಹಿಂದ ನಿಂದರಬೇಕು. ಒಂದ್ ಹುಡುಗಿ ಮಾರೀನೂ ಕಂಡಾಕಿ ಅಲ್ಲ ನಾ. ನಿನ್ನೆ ಹಾಡಿ ಮುಗಸ್ದೆ. ಹಮೀದಾ ಟಿವಿ ದನಿ ಹಚ್ಚಿದ್ಲು. ನೋಡ್ತೀನಿ, ಮಂದಿ ಎಲ್ಲಾ ನಗಾಕತ್ತಾರ. ಆಮ್ಯಾಲ ನನ್ನ ಹಾಡು ಆಗ ಸುರು ಆತು. ನಾ ಇಲ್ಲಿ ಮುಗಿಸಿ ಕುಂತೀನಿ, ಅಲ್ಲಿ ಈಗ ಹಾಡಾಕತ್ತೀನಿ! ಮತ್ತ ನೀ ಇಕಿ ಮಾರಿ ತೋರಿಸ್ದಿ.”

ಅವರು ವೈದೇಹಿಯ ಮುಖ ತಮ್ಮತ್ತ ತಿರುಗಿಸಿ ತಲೆ ಸವರಿದರು.

“ನನ್ನ ಹಾಡು ಇಕಿ ಕಿವಿಗಿ ಬೀಳೂದು ಕಣ್ಣಾರೆ ನೋಡ್ದೆ. ಮಂಟಪದಾಗ ಇದ್ದಿದ್ರ ಇದು ನನಗ ಸಿಗ್ತಿತ್ತೇನು?”

ಒಂದು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಹೋಗಿತ್ತು. ಹಿತ್ತಿಲಿಗೆ ಹೋಗಿ ಬಾಳೆಗಿಡದ ನೆರಳಲ್ಲಿ ನಿಂತು ಸಮಾಧಾನದಿಂದ ಒಂದು ಕೆಂಪು ಬಾಳೆಹಣ್ಣು ತಿಂದೆ. ಅಷ್ಟು ರುಚಿಯಾದ ಹಣ್ಣು ಅದಕ್ಕೆ ಮುಂಚೆಯೂ ತಿಂದಿರಲಿಲ್ಲ, ಆಮೇಲೂ ತಿಂದಿಲ್ಲ.

ಈಗ ಆತ್ಯಾ ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾರೆ. ಪ್ರಯಾಣ ಒಗ್ಗುವುದಿಲ್ಲ. ಆದರೆ ಆ ಮನೆತನದಲ್ಲಿ ಎಲ್ಲಿ ಮದುವೆಯಾದರೂ ಕಮಲಾಪುರದ ಮಂಚದಿಂದ ಹಾಡು ಬರುತ್ತದೆ. ನಮ್ಮ ಮನೆಯವರು ಮೈಕಿನ ಪಕ್ಕ ಕೂತು ಯಾವಾಗ ಹಾಡಬೇಕೆಂದು ಫೋನಿನಲ್ಲಿ ಹೇಳುತ್ತಾರೆ. ಅವರಿಗೆ ತೂಕದ ಕ್ಯಾಮೆರಾದ ಹಂಬಲ ಹೋಗಿದೆ. ಅದು ಸ್ಟುಡಿಯೋದ ಕಪಾಟಿನ ಮೇಲೆ ಕೂತಿದೆ, ಹಬ್ಬಕ್ಕೊಮ್ಮೆ ಒರೆಸುತ್ತಾರೆ.

ಹೋದ ಚಳಿಗಾಲದಲ್ಲಿ ನಾನೊಂದು ಹೊಸ ಮೊಬೈಲು ತಂದೆ. ಲೈವ್‌ನಲ್ಲಿ ಆಗುವ ತಡವನ್ನು ಇಲ್ಲವೆನ್ನುವಷ್ಟು ಕಡಿಮೆ ಮಾಡುವ ಸೌಕರ್ಯವೂ ಬಂದಿದೆ, ಒಂದು ಬಟನ್ ಒತ್ತಿದರೆ ಆಯಿತು. ಜಂಬದಿಂದ ಒತ್ತಿ ಒಂದು ಮದುವೆ ಮಾಡಿಸಿದೆ. ಗೊಂದಲವಿಲ್ಲ, ಕಾಯುವುದಿಲ್ಲ, ಎಲ್ಲ ಸುಸೂತ್ರ. ಆತ್ಯಾ ಹೊಗಳುತ್ತಾರೆಂದು ಫೋನೆತ್ತಿದೆ.

“ಏನವಾ ಸುಜಾತಾ, ಈ ಸಲ ಏನ್ ಮಾಡಿಟ್ಟಿ? ನಾ ಹಾಡಿ ತಲಿ ಎತ್ತೂದ್ರಾಗ ಎಲ್ಲಾ ಮುಗದ ಹೋಗಿತ್ತು. ಹುಡುಗಿ ಮಾರಿ ನೋಡಾಕ ಆಗಲಿಲ್ಲ. ಮೊದಲ ತಡ ಇತ್ತಲ್ಲ, ಅದೇ ಛಲೋ ಇತ್ತು. ಅದನ್ನ ವಾಪಸ್ ಹಚ್ಚು.”

ಈ ಬೇಸಿಗೆಯಲ್ಲಿ ಅವರ ಪೈಕಿಯ ಇನ್ನೊಂದು ಮದುವೆ ಇದೆ. ಮೊನ್ನೆ ಕೂಲರಿನೆದುರು ಕೂತು ನಾನು ಮೊಬೈಲು ತೆಗೆದು ಆ ಬಟನ್ ಬಂದ್ ಮಾಡಿದೆ. ನಮ್ಮ ಮನೆಯವರು ಬಗ್ಗಿ ನೋಡಿ, “ತಡ ಇಟ್ಟೀ ಇಲ್ಲೋ?” ಎಂದು ಕೇಳಿದರು.

“ಇಟ್ಟೀನ್ರಿ” ಅಂದೆ, “ಒಂದು ಪದ್ಯದಷ್ಟು.”